ಬಳೆಯ ಸದ್ದಿನಷ್ಟು ಹೊತ್ತು

ಫೋನಿನಲ್ಲಿ ಹಲೋ ಅಂದವರು ಎಷ್ಟು ಹೊತ್ತು ಕಾಯುತ್ತಾರೆ ಅನ್ನುವುದನ್ನು ನಾನು ಒಂದು ವಾರ ಪೂರ್ತಿ ಎಣಿಸಿದ್ದೇನೆ. ಮೊದಲ ಹಲೋ ಆದ ಮೇಲೆ ಒಂದು, ಎರಡು. ಇನ್ನೊಮ್ಮೆ ಹಲೋ. ಮತ್ತೆ ಒಂದು, ಎರಡು. ಆಮೇಲೆ ಫೋನು ಇಟ್ಟುಬಿಡುತ್ತಾರೆ. ಒಳ್ಳೆಯವರೂ ಅಷ್ಟೇ ಕಾಯುವುದು. ಅದು ಅವರ ತಪ್ಪೇನಲ್ಲ.

ನನ್ನ ಮಗಳು ಶಿವಗಂಗಾಗೆ ಮೊದಲ ಮಾತು ಹೊರಡಿಸಲು ಆರು ಎಣಿಕೆ ಬೇಕಾಗುತ್ತಿತ್ತು.

ಮನೆಯಲ್ಲಿ ಅವಳು ಗಂಗೂ. ಈಗ ಇಪ್ಪತ್ತು ವರ್ಷ. ಹುಟ್ಟಿದಾಗ ತಡವಾಗಿ ಅತ್ತ ಕೂಸು. ಬಲಗೈ, ಬಲಗಾಲು ಬಿಗಿ, ನಾಲಗೆ ಅವಳು ಹೇಳಿದಂತೆ ಹೊರಳುವುದಿಲ್ಲ. ಅವಳ ದನಿ ನಮಗೆ ತಿಳಿಯುತ್ತದೆ, ಹೊರಗಿನವರಿಗೆ ತಿಳಿಯುವುದಿಲ್ಲ. ಆದರೆ ಎಡಗೈಯ ಎರಡು ಬೆರಳು ಚುರುಕು. ಕಲಬುರಗಿಯ ಒಬ್ಬ ಮಾಸ್ತರರು ಅವಳಿಗಾಗಿ ಹಳೆಯ ಕಂಪ್ಯೂಟರೊಂದನ್ನು ಹೊಂದಿಸಿಕೊಟ್ಟರು. ಎರಡು ಅಕ್ಷರ ಒತ್ತಿದರೆ ಪರದೆಯ ಮೇಲೆ ಶಬ್ದಗಳ ಸಾಲು ಬರುತ್ತದೆ. ಬೇಕಾದುದನ್ನು ಒತ್ತಿದರೆ ಕಂಪ್ಯೂಟರು ಅದನ್ನು ಗಟ್ಟಿಯಾಗಿ ಆಡುತ್ತದೆ.

ಅದರಲ್ಲಿ ಮೊದಲೇ ಇದ್ದ ದನಿ ಗಂಗೂಗೆ ಸೇರಲಿಲ್ಲ. ವಾರ್ತೆ ಓದುವವರ ಕನ್ನಡ ಅದು. "ದಯವಿಟ್ಟು ನೀರು ಕೊಡಿ" ಅಂತ ಅದು ಅಂದಾಗ ನನ್ನ ಅತ್ತೆ ಯಂಕಮ್ಮ ಬಾಗಿಲ ಕಡೆ ತಿರುಗಿ, "ಯಾರೋ ಸಾಲಿ ಮಾಸ್ತರು ಬಂದಾರ, ಒಳಗ ಕರಿ," ಅಂದಿದ್ದರು. ಗಂಗೂ ಹೊಟ್ಟೆ ಹಿಡಿದು ನಕ್ಕಳು. ನಕ್ಕಾದ ಮೇಲೆ ಬೆರಳು ಮಾಡಿ ಅಜ್ಜಿಯನ್ನೇ ತೋರಿಸಿದಳು. ಆಯಿಯ ದನಿ ಬೇಕು ಅಂತ.

ಹೀಗೆ ಹೋದ ಬೇಸಿಗೆಯಲ್ಲಿ ನಮ್ಮ ಅತ್ತೆ ಮೂರು ಸಾವಿರದ ಇನ್ನೂರು ಶಬ್ದ ಮತ್ತು ಸಣ್ಣ ಸಣ್ಣ ಮಾತುಗಳನ್ನು ಒಂದೊಂದಾಗಿ ಮೈಕಿನೊಳಗೆ ಹೇಳಿ ಮುಗಿಸಿದರು. ಕಲ್ಲಿನ ಹೆಸರು, ಅಳತೆ, ಅಂಕಿ, ಊರುಗಳ ಹೆಸರು, ಮನೆಯವರ ಹೆಸರು, ಹಸಿವು, ಸಿಟ್ಟು, ಎಲ್ಲ. ಹೇಳಿಸಿದವನು ವಾಡಿಯಲ್ಲಿರುವ ನನ್ನ ತಮ್ಮ ಅಯ್ಯಪ್ಪ. ಫ್ಯಾನಿನ ಸದ್ದು ಸೇರಬಾರದೆಂದು ಫ್ಯಾನು ಬಂದ್ ಮಾಡಿಸಿದ್ದ. ನಮ್ಮ ಭಂಕೂರದ ಬಿಸಿಲು ಗೊತ್ತಿದ್ದವರಿಗೆ ಅದು ಎಂಥ ಶಿಕ್ಷೆ ಅಂತ ಗೊತ್ತು. ಶಬ್ದ ಶಬ್ದದ ನಡುವೆ ಅತ್ತೆ ಸೆರಗಿನ ತುದಿಯಿಂದ ಗಾಳಿ ಹಾಕಿಕೊಳ್ಳುತ್ತಿದ್ದರು. ಕೆಂಪು ದೀಪ ಹತ್ತಿದ ಕೂಡಲೆ ಮಾತಾಡಬೇಕು.

"ಸುಮ್ಮನ ಮಷೀನಿಗಿ ಹೇಳಾಕತ್ತೀನಿ ಅನಬ್ಯಾಡ್ರಿ," ಅಂತ ಅಯ್ಯಪ್ಪ ಪದೇ ಪದೇ ಹೇಳುತ್ತಿದ್ದ. "ಆ ಕಡಿ ಯಾರೋ ದೊಡ್ಡ ಸಾವಕಾರ ಫೋನ ಹಿಡಕೊಂಡ ನಿಂತಾನ ಅಂತ ತಿಳೀರಿ. ಆವಾಗ ಬರೋಬ್ಬರಿ ಬರ್ತದ."

"ತಿಳಕೊಂಡೀನಪ್ಪ. ಆ ಸಾವಕಾರನ ಮನ್ಯಾಗಾದ್ರೂ ಫ್ಯಾನ ಹಚ್ಯಾರೇನು?" ಅನ್ನುತ್ತಿದ್ದರು ಅತ್ತೆ.

ಅವರಿಗೆ ನಾನು ಎಷ್ಟು ಋಣಿಯೋ ಹೇಳಲಾರೆ. ಎಪ್ಪತ್ತು ದಾಟಿದ ಜೀವ ಒಂದು ದಿನವೂ ಸಾಕು ಅನ್ನಲಿಲ್ಲ.

ನನ್ನ ಗಂಡ ಅಣವೀರ, ಶಾಂತಕುಮಾರ ಸಾವಕಾರರ ಕಲ್ಲಿನ ಅಂಗಳದಲ್ಲಿ ಪಾಲಿಶ್ ಮಷೀನು ನಡೆಸುತ್ತಾರೆ. ನಮ್ಮ ಮನೆ ಅಂಗಳದ ಹಿಂದುಗಡೆಯೇ. ಗಂಗೂ ಕಲ್ಲಿನ ರಾಶಿಗಳ ನಡುವೆಯೇ ಬೆಳೆದವಳು. ಯಾವ ಸಾಲಿನಲ್ಲಿ ಯಾವ ಅಳತೆಯ ಕಲ್ಲಿದೆ, ಯಾವುದರಲ್ಲಿ ಎಳೆ ಬಂದಿದೆ, ಯಾವುದು ಅಂಗಳಕ್ಕೆ, ಯಾವುದು ಮೆಟ್ಟಿಲಿಗೆ, ಎಲ್ಲ ಅವಳ ತಲೆಯಲ್ಲಿದೆ. ಮೂರು ತಿಂಗಳಿಂದ ಗಿರಾಕಿಗಳ ವಾಟ್ಸಾಪಿಗೆ ಮನೆಯಿಂದಲೇ ಅವಳು ಉತ್ತರ ಕೊಡುತ್ತಿದ್ದಳು. ಆಫೀಸಿನಲ್ಲಿ ಫೋನು ಎತ್ತುತ್ತಿದ್ದ ರಹೀಮಾ ಹೆರಿಗೆಗೆಂದು ಚಿತ್ತಾಪುರದ ತವರಿಗೆ ಹೊರಟಾಗ ಗಂಗೂ ಕಂಪ್ಯೂಟರಿನ ಮುಂದೆ ಕೂತು ನಿಧಾನವಾಗಿ ನಮಗೆ ಹೇಳಿದಳು. ಆ ಕುರ್ಚಿ. ನನಗೆ. ಬೇಕು.

ಸಾವಕಾರರು ಇಲ್ಲ ಅನ್ನಲಿಲ್ಲ. ಒಂದು ಮಂಗಳವಾರ ನಮ್ಮ ಮನೆಗೇ ಬಂದರು.

"ಅಳತಿ ನನಗಿಂತ ಆಕಿಗೇ ಚೊಲೊ ಗೊತ್ತದ," ಅಂದರು. "ಖರೆ, ಅರ್ಧಕ್ಕರ್ಧ ಗಿರಾಕಿ ಫೋನ ಮಾಡೋರು. ಅವರ ಕೂಡ ಹ್ಯಾಂಗ ಮಾತಾಡ್ತಾಳ ಅಣವೀರ?"

"ಕಂಪ್ಯೂಟರ್ ಮಾತಾಡ್ತದ್ರಿ," ಅಂದರು ನಮ್ಮವರು. "ನಮ್ಮ ಅವ್ವನ ದನಿ ಅದ. ಸಣ್ಣ ಹುಡುಗಿ ದನಿ ಇದ್ರ ಮಂದಿ ಸುಳ್ಳೇ ಫೋನ ಮಾಡ್ತಾರ, ಮುದುಕಿ ದನಿಗಿ ಯಾರೂ ಮಾಡಂಗಿಲ್ಲ."

"ಹಂಗಾದ್ರ ನೋಡೇಬಿಡೂಣು."

ಸಾವಕಾರರು ಹೊರಗೆ ಬೇವಿನ ಗಿಡದ ಕೆಳಗೆ ನಿಂತು ತಮ್ಮ ಮೊಬೈಲಿನಿಂದ ಫೋನು ಮಾಡಿದರು. ನಾನು ಗಂಗೂನ ಪಕ್ಕದಲ್ಲಿ ಸ್ಪೀಕರ್ ಹಾಕಿ ಫೋನು ಹಿಡಿದೆ. ಹಲೋ ಅಂದರು. ಗಂಗೂ ಒತ್ತಿದಳು. ಕಂಪ್ಯೂಟರಿನ ಹೊಟ್ಟೆಯಲ್ಲಿ ಗರಗರ ಸದ್ದು ಎದ್ದಿತು. ನಾನು ಎಣಿಸಿದೆ. ಹಲೋ, ಅಂದರು ಇನ್ನೊಮ್ಮೆ. ಐದಕ್ಕೆ ಫೋನು ಕಟ್ಟಾಯಿತು. ಆರಕ್ಕೆ ನಮ್ಮ ಅತ್ತೆಯ ದನಿ ಖಾಲಿ ಫೋನಿಗೆ ಕೇಳಿತು, "ಹೇಳ್ರಿ, ಯಾವ ಕಲ್ಲ ಬೇಕು?"

ಸಾವಕಾರರು ಒಳಗೆ ಬಂದಾಗ ಅವರ ಮುಖ ಸಣ್ಣದಾಗಿತ್ತು. "ಕೈ ತಾನೇ ಕಟ್ ಮಾಡಿಬಿಡ್ತು ನೋಡವ್ವ," ಅಂದರು ಗಂಗೂಗೆ. "ನಾನೇ ಹಿಂಗ ಮಾಡಿದ ಮ್ಯಾಲ ಗಿರಾಕಿ ಏನ ಮಾಡ್ಯಾನು?"

ಗಂಗೂ ಮತ್ತೆ ಒತ್ತತೊಡಗಿದಳು. ಈ ಸಲ ಅವರು ಕೈಕಟ್ಟಿ ನಿಂತು ಪೂರ್ತಿ ಕಾದರು. ಅದಕ್ಕೂ ನಾನು ಋಣಿ. "ಸೋಮವಾರ. ಬರ್ತೀನಿ," ಅಂದಿತು ಅತ್ತೆಯ ದನಿ.

ಅವರು ಸ್ವಲ್ಪ ಯೋಚಿಸಿ, "ಆಗ್ಲಿ. ಸೋಮವಾರ ಒಂದಿನ ಕೂಡು. ನಡದ್ರ ಕುರ್ಚಿ ನಿಂದು. ನಡೀಲಿಲ್ಲಂದ್ರ ಶಹಾಬಾದದಿಂದ ಯಾರನ್ನರ ಕರಸಬೇಕಾಗ್ತದ, ಆವಾಗ ನನ್ನ ಮ್ಯಾಲ ಸಿಟ್ಟ ಆಗಬಾರದು," ಅಂದರು. ನ್ಯಾಯದ ಮಾತು.

ಅಯ್ಯಪ್ಪನಿಗೆ ಸುದ್ದಿ ಮುಟ್ಟಿತು. ಅವನು ವಾಡಿ ಜಂಕ್ಷನ್ನಿನಲ್ಲಿ ಪಾರ್ಸಲ್ ಇಳಿಸುವ, ಏರಿಸುವ ಕೆಲಸ ಮಾಡುತ್ತಾನೆ. ಗಂಗೂ ಅಂದರೆ ಅವನಿಗೆ ಪ್ರಾಣ. ಗರಗರ ಸದ್ದು ಬರುವುದು ಹಾರ್ಡ್ ಡಿಸ್ಕಿನಿಂದ, ತಡ ಆಗುವುದೂ ಅದರಿಂದಲೇ ಅಂತ ಯಾರಿಂದಲೋ ತಿಳಿದುಕೊಂಡ. ಶುಕ್ರವಾರ ರೈಲು ಹತ್ತಿ ಹೈದರಾಬಾದಿಗೆ ಹೋಗಿ, ಇರುವುದರಲ್ಲೇ ಅತಿ ಜೋರಿನದು ಕೊಡು ಅಂತ ಕೇಳಿ, ಶನಿವಾರ ಬೆಳಿಗ್ಗೆ ನಮ್ಮ ಮನೆಯ ಮುಂದೆ ಇಳಿದ. ಕೈಯಲ್ಲಿ ಒಂದು ಸಣ್ಣ ಡಬ್ಬಿ. ತೆಗೆದು ತೋರಿಸಿದರೆ ಅರ್ಧ ಬಾಚಣಿಕೆಯಷ್ಟು ಉದ್ದದ ಒಂದು ತೆಳು ಪಟ್ಟಿ.

"ಇದಾ?" ಅಂದರು ಅತ್ತೆ. "ಇದಕ್ಕ ಹೈದರಾಬಾದಿಗಿ ಹೋಗಿದ್ದೇನು?"

"ಇದು ಮಿಂಚಿನಂಗ ಓಡ್ತದ್ರಿ. ದೊಡ್ಡ ದೊಡ್ಡ ಕಂಪನಿ ಸರ್ವರದಾಗ ಹಾಕೋದು. ಗಂಗೂ ಬಟನ್ ಒತ್ತೂದ್ರಾಗ ಮಾತ ಹೊರಗ ಬಿದ್ದಿರ್ತದ."

ಗಂಗೂ ಆ ಪಟ್ಟಿಯನ್ನು ಎಡ ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದಳು. ಅಂಥ ಆಸೆಯ ಮುಖವನ್ನು ನಾನು ಅವಳಲ್ಲಿ ಹೆಚ್ಚು ಸಲ ಕಂಡಿಲ್ಲ.

ಕಂಪ್ಯೂಟರನ್ನು ಚಾದರಿನಲ್ಲಿ ಸುತ್ತಿ, ಆಟೋದಲ್ಲಿ ಇಟ್ಟುಕೊಂಡು, ಮೂವರೂ ಶಹಾಬಾದಿಗೆ ಹೋದೆವು. ಅಲ್ಲಿ ಗುಲಾಮ ದಸ್ತಗೀರ ಅಂತ ಒಬ್ಬರ ರಿಪೇರಿ ಅಂಗಡಿಯಿದೆ. ಮಾತು ಕಡಿಮೆ, ಕನ್ನಡಕ ಯಾವಾಗಲೂ ಹಣೆಯ ಮೇಲೆ. ಅವರು ಡಬ್ಬಿ ತೆಗೆದು ನೋಡಿದರು. ಕಂಪ್ಯೂಟರಿನ ಮುಚ್ಚಳ ಬಿಚ್ಚಿ ನೋಡಿದರು. ಕನ್ನಡಕ ಕೆಳಗಿಳಿಸಿ ಇನ್ನೊಮ್ಮೆ ನೋಡಿದರು.

"ಅಯ್ಯಪ್ಪ, ಇದನ್ನ ಎಲ್ಲಿ ಸಿಗಸ್ತಿ?" ಅಂದರು.

"ಎಲ್ಲಿ ಅಂದ್ರ? ಒಳಗ."

"ಒಳಗ ಎಲ್ಲಿ? ಇದರಾಗ ಇದಕ್ಕ ಜಾಗಾನೇ ಇಲ್ಲ. ಈ ಮಷೀನ ಹುಟ್ಟಿದಾಗ ಈ ಚೀಜ್ ಇನ್ನೂ ಹುಟ್ಟಿದ್ದಿಲ್ಲ."

ಅಯ್ಯಪ್ಪ ಕೆಂಪಗಾದ. ಗಂಗೂ ನನ್ನ ಸೀರೆಯ ಅಂಚು ಹಿಡಿದಳು. ನಡುವೆ ಇದ್ದುದು ಭಾನುವಾರ ಒಂದೇ.

"ಹಂಗಾರ ಕಂಪ್ಯೂಟರನೇ ಹೊಸದ ತರಬೇಕಾತು," ಅಂದ ಅಯ್ಯಪ್ಪ.

"ತಡಿ ಮಾರಾಯ, ಎಲ್ಲಾದಕ್ಕೂ ಓಡಬ್ಯಾಡ." ದಸ್ತಗೀರ ಸ್ಟೂಲು ಎಳೆದುಕೊಂಡು ಗಂಗೂನ ಎದುರಿಗೆ ಕೂತರು. ನನಗಲ್ಲ, ಅಯ್ಯಪ್ಪನಿಗಲ್ಲ, ಅವಳಿಗೇ ಹೇಳತೊಡಗಿದರು. "ನೋಡು ಬೇಟಿ. ನಿನ್ನ ಹಳೇ ಡಿಸ್ಕಿನ ಒಳಗ ಒಂದು ತಟ್ಟಿ ತಿರಗ್ತದ. ಮ್ಯಾಲ ಒಂದು ಮುಳ್ಳ ಓಡಾಡ್ತದ. ನಿಮ್ಮ ಆಯಿ ಹೇಳಿದ ಮಾತು ಒಂದಿಲ್ಲಿ, ಒಂದಲ್ಲಿ ಬಿದ್ದಾವ. ನೀ ಒಂದ ಮಾತ ಕೇಳ್ದಿ ಅಂದ್ರ ಮುಳ್ಳ ಹುಡಕ್ಕೋತ ಹೋಗಬೇಕು. ಡಿಸ್ಕ್ ಹಳೇದಾಗಿ ಒಂದೊಂದಕ್ಕ ನಾಕ ನಾಕ ಸಲ ಹುಡಕ್ಲಿಕತ್ತದ. ತಕ್ಲೀಫು ಅಲ್ಲೇ ಅದ. ಹೌದಿಲ್ಲೋ?"

ಗಂಗೂ ತಲೆಯಾಡಿಸಿದಳು.

"ತಿರಗೋ ತಟ್ಟಿನೇ ಇರದಂಥಾ ಡಿಸ್ಕ್ ಇದ್ರ ಹುಡಕೋ ಮಾತೇ ಇಲ್ಲ. ಅದು ಸಾದಾ ಇದ್ರೂ ನಡೀತದ, ಈ ನಿಮ್ಮ ಮಾಮಾ ತಂದ ಮಿಂಚ ಇದ್ರೂ ನಡೀತದ. ನಿನ್ನ ಕೆಲಸಕ್ಕ ಎರಡರ ನಡುವ ಫರಕ ಕಿವಿಗಿ ಕೇಳಂಗಿಲ್ಲ."

"ಫರಕ ಇಲ್ಲಂದ್ರ ಕಂಪನಿಯವ್ರು ಯಾಕ ಹಾಕ್ತಾರ?" ಅಯ್ಯಪ್ಪ ಬಿಡಲಿಲ್ಲ.

"ನೀ ವಾಡ್ಯಾಗ ಕೆಲಸ ಮಾಡ್ತಿ. ಅಲ್ಲಿ ಎಷ್ಟ ಲೈನ ಅದಾವ?"

"ಭಾಳ ಅದಾವ."

"ಯಾಕ?"

"ಸೊಲ್ಲಾಪುರದ್ದು ಬರ್ತದ, ಗುಂತಕಲ್ಲಿಂದ ಬರ್ತದ, ಹೈದರಾಬಾದದ್ದು ಬರ್ತದ, ಸಿಮೆಂಟಿನ ಗಾಡಿ ಬರ್ತಾವ. ಎಲ್ಲಾ ಒಮ್ಮೆಲೇ ಬಂದ್ರ ಎಲ್ಲಿ ನಿಲ್ಲಬೇಕು?"

"ಅದೇ ಸರ್ವರ್. ಒಂದ ಮಷೀನಿಗಿ ನೂರ ಮಂದಿ ಒಮ್ಮೆಲೇ ಕೇಳ್ತಾರ. ಅಲ್ಲಿ ಒಬ್ಬರಿಗಿ ತಟಗು ತಡ ಆದ್ರ ಹಿಂದಿನವರೆಲ್ಲ ನಿಂತಬಿಡ್ತಾರ. ಅಲ್ಲಿ ಈ ಮಿಂಚ ಬೇಕು. ಭಂಕೂರಕ್ಕ ಬರೋದು ಒಂದ ಬಸ್ಸು. ಆ ಒಂದ ಬಸ್ಸಿಗಿ ನೀ ಜಂಕ್ಷನ್ ಕಟ್ಟಾಕ ಹೊಂಟಿ."

ಗಂಗೂ ನಕ್ಕಳು. ಅಯ್ಯಪ್ಪನೂ ನಕ್ಕ, ಒಲ್ಲದ ಮನಸ್ಸಿನಿಂದ.

ತಿರುಗುವ ತಟ್ಟೆಯಿಲ್ಲದ ಆ ಸಾದಾ ಡಿಸ್ಕು ಅವರ ಅಂಗಡಿಯಲ್ಲಿ ಮುಗಿದುಹೋಗಿತ್ತು. ಹೊಸದು ಬುಧವಾರ ಬರುವುದಿತ್ತು. ಸೋಮವಾರದ ಸಂಗತಿ ನಾನು ಹೇಳಿದೆ. ದಸ್ತಗೀರ ಒಂದು ಕ್ಷಣ ಹಣೆ ಉಜ್ಜಿಕೊಂಡರು. ಆಮೇಲೆ ಎದ್ದು ಹೋಗಿ ತಮ್ಮ ಮೇಜಿನ ಕಂಪ್ಯೂಟರನ್ನು ಬಿಚ್ಚಿ, ಅದರೊಳಗಿದ್ದ ಅಂಥದೇ ಡಿಸ್ಕನ್ನು ತೆಗೆದರು. ಅದರಲ್ಲಿದ್ದ ತಮ್ಮದನ್ನೆಲ್ಲ ಬೇರೆ ಕಡೆ ಇಳಿಸಿಕೊಂಡು, ಗಂಗೂನ ಮಾತುಗಳನ್ನೆಲ್ಲ ಅದಕ್ಕೆ ತುಂಬಿದರು. ಎರಡು ತಾಸು ಹಿಡಿಯಿತು. ಒಳಗಿನಿಂದ ಅವರ ಹೆಂಡತಿ ಚಾಂದಬೀ ಚಹಾ ಕಳಿಸಿದರು. ಗಂಗೂಗೆ ಬಟ್ಟಲಲ್ಲ, ಹಿಡಿಯಲು ಅನುಕೂಲವಾಗಲೆಂದು ಕಿವಿಯಿರುವ ದೊಡ್ಡ ಲೋಟ. ಯಾರೂ ಹೇಳಿಕೊಟ್ಟದ್ದಲ್ಲ ಅದು.

"ನಿಮ್ಮ ಕೆಲಸ ಹ್ಯಾಂಗ ಮಾಡ್ತೀರಿ ಅಣ್ಣಾ?" ಅಂದೆ.

"ನಾನೂ ಬುಧವಾರತನಕ ಗರಗರ ಕೇಳ್ತೀನಿ ಬಿಡು ತಂಗಿ. ಅದೂ ನಾನೂ ಹಳೇ ಸ್ನೇಹಿತರು."

ಮುಚ್ಚಳ ಹಾಕಿ ಸ್ವಿಚ್ಚು ಒತ್ತಿದರು. ಕಂಪ್ಯೂಟರು ಸದ್ದಿಲ್ಲದೆ ಎಚ್ಚರಾಯಿತು. ಮೊದಲು ಅದು ಏಳುವುದರೊಳಗೆ ನಾನು ನಾಲ್ಕು ರೊಟ್ಟಿ ಬಡಿಯುತ್ತಿದ್ದೆ. ಈಗ ಸೆರಗು ಸರಿಮಾಡಿಕೊಳ್ಳುವುದರೊಳಗೆ ಪರದೆ ಬಂದಿತ್ತು. ಗಂಗೂ ಒತ್ತಿದಳು. ನಾನು ಎಣಿಸಿದೆ. ಒಂದು. ಎರಡು. "ಹೇಳ್ರಿ," ಅಂದಿತು ಅತ್ತೆಯ ದನಿ.

ನನಗೆ ಸಂತೋಷವಾಯಿತು. ಗಂಗೂಗೆ ಆಗಲಿಲ್ಲ. ಅವಳು ಇನ್ನೊಂದು ಶಬ್ದ ಒತ್ತಿದಳು. ಒಂದು, ಎರಡು, ಮಾತು. ಮತ್ತೊಂದು. ಅಲ್ಲಿಯೂ ಎರಡು. ಒಂದು ಮಾತಿಗೆ ನಾಲ್ಕು ಶಬ್ದ ಬೇಕು. ನಾಲ್ಕು ಎರಡಲೆ ಎಂಟು. ಯಾವ ಗಿರಾಕಿ ನಿಲ್ಲುತ್ತಾನೆ?

"ನೋಡಿದ್ರೇನು?" ಅಯ್ಯಪ್ಪ ಎದ್ದು ನಿಂತ. "ಸಾದಾ ಡಿಸ್ಕು ಸಾದಾನೇ. ನಾ ತಂದದ್ದ ಹಾಕಿದ್ರ ಈ ಎರಡೂ ಇರತಿದ್ದಿಲ್ಲ."

ದಸ್ತಗೀರ ಎದ್ದರು. ಅಂಗಡಿಯ ಫ್ಯಾನು ಬಂದ್ ಮಾಡಿದರು. ಸ್ಪೀಕರಿನ ದನಿ ಏರಿಸಿದರು. "ಬೇಟಿ, ಇನ್ನೊಮ್ಮೆ ಒತ್ತು," ಅಂದರು.

ಒತ್ತಿದಳು. ಹಳೆಯ ಡಿಸ್ಕಿನ ಗರಗರದಲ್ಲಿ ಎಂದೂ ಕೇಳಿಸದಿದ್ದ ಒಂದು ಸಣ್ಣ ಸದ್ದು ಈಗ ಸ್ವಚ್ಛವಾಗಿ ಕೇಳಿತು. ಒತ್ತಿದ ಕ್ಷಣಕ್ಕೇ ಕೇಳಿತು. ಗಾಜಿನ ಬಳೆ ಬಳೆಗೆ ತಾಗುವ ಸದ್ದು, ಬಟ್ಟೆ ಸರಿಯುವ ಸದ್ದು, ಒಂದು ಉಸಿರು. ಆಮೇಲೆ, "ಹೇಳ್ರಿ."

ಇನ್ನೊಂದು ಶಬ್ದ ಒತ್ತಿಸಿದರು. ಬಳೆ, ಬಟ್ಟೆ, ಉಸಿರು. "ಕಲ್ಲು." ಮತ್ತೊಂದು. ಬಳೆ, ಬಟ್ಟೆ, ಉಸಿರು. "ಚಿಂಚೋಳಿ."

"ಡಿಸ್ಕ್ ಕೇಳಿದ ಕೂಡಲೆ ಕೊಡಾಕತ್ತದ," ಅಂದರು ದಸ್ತಗೀರ. "ಇನ್ನ ಹತ್ತ ಪಟ್ಟ ಜೋರ ಇದ್ದದ್ದ ಹಾಕಿದ್ರೂ ಈ ಎರಡ ಹಂಗೇ ಇರ್ತಾವ. ಇದು ಮಷೀನಿನ ತಡ ಅಲ್ಲ. ಆದ್ರ ಏನಿದು ಅಂತ ನನಗ ತಿಳೀಲಿಲ್ಲ."

ನನಗೆ ತಿಳಿದಿತ್ತು. ಇಪ್ಪತ್ತೆರಡು ವರ್ಷ ಒಂದೇ ಮನೆಯಲ್ಲಿ ಬಾಳಿದವಳಿಗೆ ಆ ಸದ್ದು ತಿಳಿಯದೆ ಇರುತ್ತದೆಯೇ. ನಮ್ಮ ಅತ್ತೆ ತಲೆಯ ಮೇಲೆ ಸೆರಗು ಹೊದೆಯುವ ಸದ್ದು ಅದು. ಸೆಕೆಗೆ ಸೆರಗು ಇಳಿಸಿ ಗಾಳಿ ಹಾಕಿಕೊಳ್ಳುತ್ತಿದ್ದರು. ಕೆಂಪು ದೀಪ ಹತ್ತಿದ ಕೂಡಲೆ, ಆ ಕಡೆ ಸಾವಕಾರ ನಿಂತಿದ್ದಾನೆ ಅಂತ, ಮೊದಲು ಸೆರಗು ಹೊದ್ದು ಆಮೇಲೆ ಬಾಯಿ ತೆರೆಯುತ್ತಿದ್ದರು. ಮೂರು ಸಾವಿರದ ಇನ್ನೂರು ಸಲ.

ನಾನು ಹೇಳಿದಾಗ ಅಯ್ಯಪ್ಪ ಮೆಲ್ಲಗೆ ಸ್ಟೂಲಿನ ಮೇಲೆ ಕೂತ. "ಸಾವಕಾರ ಅಂತ ಹೇಳಿದಾಂವ ನಾನೇ," ಅಂದ.

ಮೌನವನ್ನಾದರೆ ಮಷೀನು ತಾನೇ ಕತ್ತರಿಸುತ್ತದಂತೆ. ಆದರೆ ಬಳೆಯ ಸದ್ದು ಮೌನವಲ್ಲ, ಅದನ್ನು ಮಷೀನು ಮಾತು ಅಂತಲೇ ತಿಳಿಯುತ್ತದೆ. ಕೈಯಿಂದಲೇ ಒಂದೊಂದಾಗಿ ಕತ್ತರಿಸಬೇಕು. ಹೇಗೆ ಅಂತ ದಸ್ತಗೀರ ತೋರಿಸಿಕೊಟ್ಟರು. ದನಿ ಪರದೆಯ ಮೇಲೆ ಚಿತ್ರವಾಗಿ ಕಾಣುತ್ತದೆ. ಮೊದಲು ಇರುವೆ ಸಾಲು ಹೋದಂತೆ ಸಣ್ಣ ಸಣ್ಣ ಗುರುತು, ಅದು ಬಳೆ. ಆಮೇಲೆ ಗುಡ್ಡದಂತೆ ಏಳುವುದು ಮಾತು. ಗುಡ್ಡದ ಬುಡದಲ್ಲಿ ಗೆರೆ ಇಟ್ಟು ಒತ್ತಿದರೆ ಇರುವೆಗಳು ಹೋಗುತ್ತವೆ.

ಭಾನುವಾರ ಪೂರ್ತಿ ಅದೇ ಕೆಲಸ. ಫೋನಿಗೆ ಬೇಕಾಗುವ ನಾಲ್ಕು ನೂರು ಮಾತುಗಳನ್ನು ಗಂಗೂ ಆರಿಸಿಟ್ಟಳು. ಒಂದು ಗಳಿಗೆ ಅವಳು, ಒಂದು ಗಳಿಗೆ ಅಯ್ಯಪ್ಪ, ಒಂದು ಗಳಿಗೆ ನಾನು. ಬೇಳೆ ಒಲೆಯ ಮೇಲಿಟ್ಟು ಬಂದು ಇಪ್ಪತ್ತು ಮಾತು ಕತ್ತರಿಸುತ್ತಿದ್ದೆ. ಎದ್ದು ಹೋಗಿ ಒಗ್ಗರಣೆ ಕೊಟ್ಟು ಬಂದು ಇನ್ನಿಪ್ಪತ್ತು. ಅರಿವೆ ಒಣಹಾಕಿ ಬಂದು ಹದಿನೈದು. ಮೌಸು ಹಿಡಿದ ಕೈಗೆ ಅರಿಶಿನ ಹತ್ತಿತ್ತು. ಅಂಥ ಕೆಲಸ ನನಗೆ ಬೇಸರವಾಗುವುದಿಲ್ಲ. ಗೋಧಿಯ ಹರಳು ಆರಿಸಿದ ಹಾಗೆ.

ಅತ್ತೆ ಹೊಸ್ತಿಲಲ್ಲಿ ಕೂತು ನೋಡುತ್ತಿದ್ದರು. ತಮ್ಮದೇ ದನಿ ನೂರು ಸಲ ಕೇಳಿ ಅವರಿಗೆ ರೇಗಿತ್ತು.

"ನನ್ನ ಸೆರಗ ಕತ್ತರಿಸಾಕತ್ತೀರೇನ ಎಲ್ಲಾರೂ ಕೂಡಿ?"

"ಸೆರಗಲ್ರಿ ಅತ್ತಿ, ಬರೇ ಅದರ ಸದ್ದು," ಅಂದೆ.

"ಮಂದಿ ಮುಂದ ತೆಲಿ ಮ್ಯಾಲ ಸೆರಗಿಲ್ಲದ ಹ್ಯಾಂಗ ಮಾತಾಡೋದು? ಇವನೇ ಹೇಳಿದ, ಸಾವಕಾರ ಕೇಳಾಕತ್ತಾನಂತ. ಮದಲ ಹೇಳಬೇಕಿತ್ತು, ಸುಳ್ಳ ಸಾವಕಾರ ಅಂತ."

"ತಪ್ಪಾತ್ರಿ," ಅಂದ ಅಯ್ಯಪ್ಪ ಪರದೆಯಿಂದ ಕಣ್ಣು ತೆಗೆಯದೆ. "ಮುಂದಿನ ಸಲ ಕಳ್ಳ ಅಂತ ಹೇಳ್ತೀನಿ."

"ಕಳ್ಳ ಅಂದ್ರ ಬಡಿಗಿ ತಗೊಳೋದ್ರಾಗ ಇನ್ನ ನಾಕ ಗಳಿಗಿ ಹೋಗ್ತಿತ್ತು," ಅಂದರು ಅತ್ತೆ. ಗಂಗೂ ನಕ್ಕು ನಕ್ಕು ಮೌಸು ಕೆಳಗೆ ಬೀಳಿಸಿದಳು.

ಹೊತ್ತು ಮುಳುಗುವ ಮೊದಲು ಎಲ್ಲ ಮುಗಿಯಿತು. ಒಂದನ್ನು ಬಿಟ್ಟು. "ತಟಗು ತಡೀರಿ" ಅಂದರೆ ಸ್ವಲ್ಪ ತಾಳಿ, ಅನ್ನುವ ಮಾತಿಗೆ ಕತ್ತರಿ ಹಾಕಲು ಹೋದರೆ ಗಂಗೂ ನನ್ನ ಕೈ ಹಿಡಿದಳು. ಅದು ಹಾಗೇ ಇರಲಿ ಅಂತ ಸನ್ನೆ ಮಾಡಿದಳು.

"ಆಯಿ ನೆನಪಿಗೇನು?" ಅಂತ ಕೇಳಿದೆ. ಅಲ್ಲ ಅಂತ ತಲೆಯಾಡಿಸಿದಳು. ಹೆಚ್ಚು ಹೇಳಲಿಲ್ಲ. ಅವಳು ಹೇಳದ್ದನ್ನು ನಾನು ಊಹಿಸಿ ತುಂಬುವ ರೂಢಿ ನನಗೆ ಮೊದಲಿನಿಂದಲೂ ಇದೆ. ಅವಳ ಅರ್ಧ ಮಾತಿಗೆ ಇನ್ನರ್ಧ ನಾನೇ ಸೇರಿಸುತ್ತೇನೆ. ಕಾಯುವವರಿಗೆ ತೊಂದರೆಯಾಗಬಾರದೆಂದು ಹಾಗೆ ಮಾಡುತ್ತಿದ್ದೆ. ಅವಳಿಗೆ ಅದು ಹೇಗಿರುತ್ತದೆಂದು ಕೇಳಿರಲಿಲ್ಲ.

ಸೋಮವಾರ ಅಣವೀರ ಕಂಪ್ಯೂಟರನ್ನು ಹೊತ್ತುಕೊಂಡು ಆಫೀಸಿಗೆ ಹೋದರು. ಗಂಗೂ ರಹೀಮಾಳ ಕುರ್ಚಿಯಲ್ಲಿ ಕೂತಳು. ಸಾವಕಾರರು ಆಚೆಯ ಮೇಜಿನಲ್ಲಿ ಏನೋ ಓದುವಂತೆ ಕೂತಿದ್ದರು, ಹಾಳೆ ತಿರುವುತ್ತಿರಲಿಲ್ಲ. ನಾನು ಅವಳ ಪಕ್ಕಕ್ಕೆ ನಿಂತೆ. ಒಂಬತ್ತೂವರೆಗೆ ಫೋನು ಬಂತು.

"ಹಲೋ."

"ಹೇಳ್ರಿ, ಯಾವ ಕಲ್ಲ ಬೇಕು?"

ನನಗೆ ಒಂದು ಅಂತ ಎಣಿಸಲೂ ಹೊತ್ತು ಸಿಗಲಿಲ್ಲ.

"ಆಯಿ, ನಮಸ್ಕಾರ್ರಿ. ನಾ ಚಿಂಚೋಳಿಯಿಂದ ಅಂಬರಾಯ ಅಂತ ಮಾತಾಡಾಕತ್ತೀನಿ. ಮನಿ ಕಟ್ಟಾಕತ್ತೀನ್ರಿ. ಎರಡ ಫೂಟಿಂದು ಪಾಲಿಶ್ ಆದದ್ದು ಅದ ಏನ್ರಿ?"

"ಅದ. ನೀಲಿ ಅದ. ಹಳದಿ ಅದ." ಮಾತಿನ ಹಿಂದೆ ಮಾತು ಬರುತ್ತಿತ್ತು. ಸ್ವಲ್ಪ ಬಿಡಿ ಬಿಡಿಯಾಗಿ, ವಯಸ್ಸಾದವರು ಯೋಚಿಸಿ ಮಾತಾಡುವ ಹಾಗೆ. ಎಷ್ಟು ಚದರಡಿ, ಯಾವಾಗ ಬೇಕು, ಗಾಡಿ ನಿಮ್ಮದೋ ನಮ್ಮದೋ, ಎಲ್ಲ ಕೇಳಿದಳು. ಸಾವಕಾರರು ಹಾಳೆ ಕೆಳಗಿಟ್ಟರು.

ಆಗ ಅಂಬರಾಯ ಕೇಳಿದರು, "ಆಯಿ, ಅಡಗಿ ಕಟ್ಟಿಗಿ ಈ ನೀಲಿ ಹಾಕಿದ್ರ ನಡೀತದೇನ್ರಿ? ನನ್ನ ಹೆಂಡತಿ ಅದೇ ಬೇಕಂತಾಳ."

ಅಡುಗೆಮನೆಯ ಕಟ್ಟೆಯ ಬಗ್ಗೆ ಸಿದ್ಧ ಮಾತು ಇರಲಿಲ್ಲ. ಗಂಗೂ ಶಬ್ದ ಹುಡುಕಿ ಜೋಡಿಸಬೇಕು. ಅವಳ ಬೆರಳು ಓಡತೊಡಗಿತು. ಫೋನಿನಲ್ಲಿ ಮೌನ. ಒಂದು. ನನ್ನ ಬಾಯಿ ತೆರೆದುಕೊಂಡಿತು. ಉತ್ತರ ನನಗೆ ಗೊತ್ತಿತ್ತು, ಹೇಳಿಬಿಟ್ಟರೆ ಗಿರಾಕಿ ಉಳಿಯುತ್ತಾನೆ. ಗಂಗೂ ಬೆರಳು ತೆಗೆದು ನನ್ನ ಕಡೆ ಎಡ ಅಂಗೈ ಎತ್ತಿ ತೋರಿಸಿದಳು. ಅದೇ ಕೈಯನ್ನು ಇಳಿಸಿ ಒಂದನ್ನು ಒತ್ತಿದಳು.

ಬಳೆಗೆ ಬಳೆ ತಾಗಿತು. ಬಟ್ಟೆ ಸರಿಯಿತು. ಒಂದು ಉಸಿರು. "ತಟಗು ತಡೀರಿ."

"ಆಗ್ಲಿರಿ ಆಯಿ, ಸಾವಕಾಶ ಹೇಳ್ರಿ," ಅಂದರು ಅಂಬರಾಯ. ಆ ಕಡೆ ಒಬ್ಬರು ಇದ್ದಾರೆ, ಸೆರಗು ಸರಿಮಾಡಿಕೊಂಡು ಹೇಳುತ್ತಾರೆ ಅಂತ ಅವರಿಗೆ ಕೇಳಿಸಿತ್ತು. ಗಂಗೂ ಮತ್ತೊಮ್ಮೆ ಅದನ್ನೇ ಒತ್ತಿ, ಬಳೆಯ ಸದ್ದಿನ ಮರೆಯಲ್ಲಿ ಮಾತು ಜೋಡಿಸಿದಳು. ನಾನು ಎಣಿಸುತ್ತಿದ್ದೆ. ಒಂಬತ್ತು, ಹತ್ತು, ಹನ್ನೊಂದು. ಅವರು ಫೋನು ಇಡಲಿಲ್ಲ.

"ಲಿಂಬಿ. ಹುಣಸಿ. ಬಿದ್ರ. ಬೆಳ್ಳಗ. ಆಗ್ತದ. ಅಡಗಿ ಕಟ್ಟಿಗಿ. ಬ್ಯಾಡ. ಅಂಗಳಕ್ಕ. ಹಾಕ್ರಿ."

ಸಾವಕಾರರು ಕಣ್ಣು ಮುಚ್ಚಿಕೊಂಡರು. ಬಂದ ಮಾರಾಟವನ್ನು ಬೇಡ ಅಂದವಳು ಅವರ ಆಫೀಸಿನಲ್ಲಿ ಬಹುಶಃ ಇವಳೇ ಮೊದಲು.

ಆ ಕಡೆ ಅಂಬರಾಯ ನಕ್ಕರು. "ಇದನ್ನ ಇಷ್ಟ ದಿನದಾಗ ಒಬ್ಬರೂ ಹೇಳಿದ್ದಿಲ್ಲ ಆಯಿ. ನಡು ಮನಿ, ಪಡಸಾಲಿ, ಅಂಗಳ ಎಲ್ಲಾ ನಿಮ್ಮ ಕಡಿಂದೇ ಕಳಸ್ರಿ. ನಿಮಗ ಭಾಳ ಪುಣ್ಯ ಬರ್ಲಿ."

ಫೋನು ಇಟ್ಟದ್ದಾಯಿತು. ಆಮೇಲೆ ಸಾವಕಾರರು ಎದ್ದು ಬಂದು, ರಹೀಮಾ ಗೋಡೆಗೆ ತೂಗುಹಾಕಿ ಹೋಗಿದ್ದ ಆಫೀಸಿನ ಬೀಗದ ಕೈಯನ್ನು ತೆಗೆದು ಗಂಗೂನ ಮುಂದೆ ಇಟ್ಟರು. "ನಾಳಿಂದ ನೀನೇ ತೆಗಿಸು," ಅಂದರು.

ನಾನು ಏನೋ ಹೇಳಲು ಹೊರಟೆ. ಗಂಗೂ ಒತ್ತಿದಳು. ಅರ್ಧ ಕ್ಷಣವೂ ತಡವಿಲ್ಲದೆ, ಕೋಣೆ ತುಂಬ ನಮ್ಮ ಅತ್ತೆಯ ದನಿ, "ಸುಜಾತಾ. ಬಾಯಿ ಮುಚಗೊಂಡ ಕುಂದ್ರು."

ನನ್ನ ಕೈ ತಾನೇ ಸೆರಗಿಗೆ ಹೋಯಿತು. ತಲೆಯ ಮೇಲೆ ಎಳೆದುಕೊಂಡು ಪಕ್ಕದ ಸ್ಟೂಲಿನ ಮೇಲೆ ಕೂತೂ ಬಿಟ್ಟೆ. ಸಾವಕಾರರು ಗೋಡೆಗೆ ಮುಖ ಮಾಡಿ ನಕ್ಕರು. ಗಂಗೂ ಅಂತೂ ನಗುತ್ತ ಮೇಜಿನ ಮೇಲೆ ತಲೆಯಿಟ್ಟಳು. ಆ ಮಾತಿನ ಬಳೆಯನ್ನೂ ಅವಳು ನನಗೆ ತಿಳಿಯದಂತೆ ಕತ್ತರಿಸಿಟ್ಟಿದ್ದಳು. ಇಪ್ಪತ್ತು ವರ್ಷದಲ್ಲಿ ನನ್ನ ಮಗಳು ನನಗೆ ಎದುರುತ್ತರ ಕೊಟ್ಟದ್ದು ಅಂದೇ ಮೊದಲು. ಅವಳ ಮನಸ್ಸಿನಲ್ಲಿ ಎಷ್ಟೋ ಇದ್ದಿರಬೇಕು, ಅವು ಹೊರಗೆ ಬರುವಷ್ಟರಲ್ಲಿ ಮಾತು ಮುಂದೆ ಹೋಗಿರುತ್ತಿತ್ತು.

ಬುಧವಾರ ಹೊಸ ಡಿಸ್ಕು ಬಂತು. ದಸ್ತಗೀರ ತಮ್ಮದನ್ನು ವಾಪಸು ಬೇಡ ಅಂದರು, ಹೊಸದನ್ನು ತಾವು ಹಾಕಿಕೊಂಡರು. ಮಾತಾಡಲು ಕಲಿತ ಡಿಸ್ಕನ್ನು ಜಾಗ ಬಿಡಿಸಬಾರದಂತೆ. ಅಯ್ಯಪ್ಪ ತಂದ ಮಿಂಚಿನ ಪಟ್ಟಿ ಸೇಡಂನ ಒಂದು ಕಾಲೇಜಿಗೆ ಹೋಯಿತು. ಅಲ್ಲಿ ಒಂದು ಸರ್ವರಿಗೆ ಅರವತ್ತು ಕಂಪ್ಯೂಟರು ಜೋಡಿಸಿದ್ದಾರಂತೆ, ಅದರ ದೇಖರೇಖಿ ದಸ್ತಗೀರರದೇ. ಅಯ್ಯಪ್ಪ ತಾನೇ ಒಯ್ದು, ಹಾಕುವಾಗ ನಿಂತು ನೋಡಿ ಬಂದ. "ಅರವತ್ತ ಮಂದಿ ಒಮ್ಮೆಲೇ ಬಟನ್ ಒತ್ತಿದ್ರು ಅಕ್ಕಾ, ಒಬ್ಬರದೂ ನಿಲ್ಲಲಿಲ್ಲ," ಅಂತ ಹೇಳುವಾಗ ಅವನ ಮುಖ ನೋಡಬೇಕಿತ್ತು. ಅವನ ಹೈದರಾಬಾದ್ ಪ್ರಯಾಣ ಯಾರಿಗೋ ದಕ್ಕಿತು.

ಈಗ ಮಧ್ಯಾಹ್ನ ಪಾತ್ರೆ ತಿಕ್ಕುವಾಗ ಆಫೀಸಿನ ಕಿಟಕಿಯಿಂದ ಅತ್ತೆಯ ದನಿ ಕೇಳುತ್ತಿರುತ್ತದೆ. ಅತ್ತೆ ಮಾತ್ರ ನನ್ನ ಪಕ್ಕದಲ್ಲೇ ಕೂತು ಮೆಂತ್ಯದ ಸೊಪ್ಪು ಬಿಡಿಸುತ್ತಿರುತ್ತಾರೆ. ನಡುನಡುವೆ ಬಳೆಯ ಸದ್ದು ಬರುತ್ತದೆ. ಯಾರೋ ಕಠಿಣ ಪ್ರಶ್ನೆ ಕೇಳಿದ್ದಾರೆ ಅಂತ ತಿಳಿಯುತ್ತೇನೆ. ಕೈಯಲ್ಲಿನ ತಟ್ಟೆ ನಿಲ್ಲಿಸಿ ಎಣಿಸುತ್ತೇನೆ. ಎದ್ದು ಹೋಗುವುದಿಲ್ಲ.